ಮಾಡು ಮುಚ್ಚುವ ತನಕ

ನರಿಕೊಂಬಿನ ಚಿನ್ನಯ್ಯನ ಮನೆಯಲ್ಲಿ ಆ ಬೇಸಿಗೆಯ ಜಗಳ ಶುರುವಾದದ್ದು ಹಿತ್ತಲಿನ ಶೆಡ್ಡಿನಿಂದ. ಏಪ್ರಿಲಿನ ಬಿಸು ಹಬ್ಬ ಕಳೆದು ಹೆಚ್ಚು ದಿನ ಆಗಿರಲಿಲ್ಲ. ಸಂಜೆ ಒಂದು ಗುಡುಗು ಮಳೆ ಬಂದು ಹೋಯಿತು, ಅಂಗಳದ ಧೂಳು ಅಡಗುವಷ್ಟು ಮಾತ್ರ. ಅಷ್ಟಕ್ಕೇ ಶೆಡ್ಡಿನ ಮಾಡಿನ ನೆತ್ತಿಯಿಂದ ನೀರು ಇಳಿದು, ಸೊಸೆ ದೀಕ್ಷಿತಾ ಹೊಲಿದು ಮಡಚಿಟ್ಟಿದ್ದ ಶಾಲೆಯ ಅಂಗಿಗಳ ಮೇಲೆ ಕಪ್ಪು ಗೆರೆ ಎಳೆಯಿತು.

ಚಿನ್ನಯ್ಯ ಮುಂಬೈಯ ಕ್ಯಾಂಟೀನು ಮಾರಿ ಊರಿಗೆ ಬಂದಾಗ ತರಕಾರಿ ತೋಟಕ್ಕೆಂದು ಕಟ್ಟಿಸಿದ ಶೆಡ್ಡು ಅದು. ಕೆಂಪುಕಲ್ಲಿನ ಗೋಡೆ, ಎರಡು ಕಡೆಗೆ ಇಳಿದ ಹಂಚಿನ ಮಾಡು. ಎರಡೂ ಇಳಿಜಾರು ಸೇರುವ ನೆತ್ತಿಯ ಉದ್ದಕ್ಕೂ ಕವುಚಿ ಹಾಕಿದ ಹಂಚುಗಳು, ಅವುಗಳ ಅಡಿಗೆ ಸಿಮೆಂಟು. ಮೊದಲು ಅಲ್ಲಿ ಹಾರೆ, ಪಂಪು, ಗೊಬ್ಬರದ ಚೀಲ ಇದ್ದವು. ಸೋರಿದರೂ ಕೇಳುವವರಿರಲಿಲ್ಲ. ಮಂಗಗಳು ಹಾರಿ ಹಾರಿ ನೆತ್ತಿಯ ಹಂಚುಗಳನ್ನು ಅಲುಗಿಸಿದಾಗಲೆಲ್ಲ ಚಿನ್ನಯ್ಯ ಡಾಂಬರು ಅದ್ದಿದ ಗೋಣಿಯ ತುಂಡನ್ನು ಬಿರುಕಿಗೆ ತುರುಕಿ ಕೈ ತೊಳೆದುಕೊಳ್ಳುತ್ತಿದ್ದ. ಈಗ ಅಲ್ಲಿ ಸೊಸೆಯ ಹೊಲಿಗೆ ಮೆಷಿನು ಇತ್ತು. ಅದೇ ಡಾಂಬರು ಈಗ ನೀರಿನ ಜೊತೆ ಇಳಿದು ಬಂದದ್ದು.

"ಹಂಚೇ ಬೇಡ ಅಪ್ಪ. ಎಲ್ಲ ತೆಗೆದು ಶೀಟ್ ಹಾಕುವ," ಎಂದ ಮಗ ಶೋಧನ್, ಊಟಕ್ಕೆ ಕೂತವನು. ಬಿ.ಸಿ.ರೋಡಿನಲ್ಲಿ ಫ್ಯಾನು, ವಯರು ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ.

"ಶೀಟಿನ ಅಡಿಯಲ್ಲಿ ನಿನ್ನ ಹೆಂಡತಿ ಕೂತು ಬೇಯಲಿಕ್ಕಾ? ಹಂಚು ಹಂಚೇ. ಸ್ವಲ್ಪ ಡಾಂಬರು ಕಾಯಿಸಿ ಹಾಕಿದರೆ ಆಯಿತು."

"ಆ ಡಾಂಬರೇ ಅಂಗಿಗೆ ಬಿದ್ದದ್ದು. ಇನ್ನೆಷ್ಟು ವರ್ಷ ಡಾಂಬರು?"

"ನಾನಿರುವಷ್ಟು ವರ್ಷ."

"ಗಂಜಿ ತಣಿಯುತ್ತದೆ," ಎಂದಳು ಚಿನ್ನಯ್ಯನ ಹೆಂಡತಿ ಕಾಂತಿ. ಅಪ್ಪ ಮಗ ಕೋಳಿ ಅಂಕದ ಹುಂಜಗಳ ಹಾಗೆ ನಿಂತರೆ ನಡುವೆ ಗಂಜಿ ಬಡಿಸುವುದು ಅವಳ ಹಳೇ ಉಪಾಯ. ದೀಕ್ಷಿತಾ ತಲೆ ತಗ್ಗಿಸಿ, ಉಪ್ಪಿನಕಾಯಿ ಒಂದನ್ನೇ ನೆಂಚಿಕೊಂಡು ಉಣ್ಣುತ್ತಿದ್ದಳು. ಅಂದು ಹುರಿದ ಬಂಗುಡೆ ಮೀನನ್ನು ಅವಳು ಮುಟ್ಟಿರಲಿಲ್ಲ.

ಆ ಅಂಗಿಗಳು ಮೂಡುಬಿದಿರೆಯ ಒಂದು ಶಾಲೆಯವು. ಶಾಲೆ ಶುರುವಾಗುವ ಮೊದಲು ಅಷ್ಟೂ ಸಮವಸ್ತ್ರ ಹೊಲಿದು ಕೊಡಬೇಕು. ಒಪ್ಪಿಗೆಯಾದರೆ ಮುಂದಿನ ವರ್ಷವೂ ಅವಳಿಗೇ. ಮದುವೆಯಾದ ಮೇಲೆ ದೀಕ್ಷಿತಾ ತನ್ನದು ಅಂತ ಹೇಳಿಕೊಳ್ಳಬಹುದಾದ ಕೆಲಸ ಅದೊಂದೇ. ಮಳೆಗಾಲ ಹಿಡಿದರೆ ಆ ಶೆಡ್ಡಿನಲ್ಲಿ ಬಟ್ಟೆ ಇಡುವ ಹಾಗಿಲ್ಲ. ಮನೆಯೊಳಗೆ ಇಡೋಣವೆಂದರೆ ಮನೆ ಇರುವುದೇ ಅಂಗೈ ಅಗಲ. ಹಾಗಾಗಿ ಮಾಡಿನ ನೆತ್ತಿ ಬಿಚ್ಚಿ ಹೊಸದಾಗಿ ಕೂರಿಸಲೇಬೇಕು.

ಬಿಚ್ಚುವುದು ಕಷ್ಟವಲ್ಲ. ಆದರೆ ದೀಕ್ಷಿತಾಳ ಹೊಟ್ಟೆಯಲ್ಲಿ ಮಗು ಇತ್ತು, ಅದನ್ನು ಅವಳು ಅತ್ತೆಗೆ ಹೇಳಿರಲಿಲ್ಲ.

ಬಸುರಿ ಇರುವ ಮನೆಯಲ್ಲಿ ಮಾಡು ಬಿಚ್ಚಬಾರದು, ಬಿಚ್ಚಿದ ಮಾಡಿನ ನೆತ್ತಿ ಮುಚ್ಚಬಾರದು. ಕಾಂತಿಗೆ ಇದು ದೀಪ ಹಚ್ಚುವಷ್ಟೇ ಖಂಡಿತದ ಮಾತು. ಹಿಂದಿನ ಸಲ ದೀಕ್ಷಿತಾ ಬಸುರಿಯಾಗಿದ್ದಾಗ ಬಚ್ಚಲುಕೋಣೆಯ ಮಾಡು ಬಿಚ್ಚುವ ಕೆಲಸ ಬಂದಿತ್ತು. ಕಾಂತಿ ಬೇಡ ಬೇಡ ಅಂದಳು. ಈ ಕಾಲದಲ್ಲಿ ಎಂತದ್ದು ಅಮ್ಮ ಅಂತ ಶೋಧನ್ ಮಾಡಿಸಿಯೇಬಿಟ್ಟ. ಆ ವಾರವೇ ಮಗು ಹೋಯಿತು. ಮಾಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಸ್ಪತ್ರೆಯಿಂದ ಬಂದು ಮಲಗಿದವಳಿಗೆ ಬಾಗಿಲಾಚೆಯಿಂದ ಕೇಳಿಸಿದ್ದು ಮಾತ್ರ ಅತ್ತೆಯ ದನಿ: "ಹೇಳಿದ ಮಾತು ಕೇಳಿದ್ದರೆ ಮಗು ಇರುತ್ತಿತ್ತು."

ದೀಕ್ಷಿತಾ ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಆ ಮಾತನ್ನು ಇನ್ನೊಂದು ಸಲ ಕೇಳುವ ಶಕ್ತಿ ಅವಳಿಗಿರಲಿಲ್ಲ. ಮಗು ಉಳಿಯಬೇಕು, ಅಕಸ್ಮಾತ್ ಉಳಿಯದಿದ್ದರೂ ಆ ಮಾತು ಬರಬಾರದು. ಅದಕ್ಕೆ ಅವಳು ಕಂಡುಕೊಂಡ ದಾರಿ ಒಂದೇ, ಮಾಡು ಮುಚ್ಚುವ ತನಕ ಬಾಯಿ ಮುಚ್ಚುವುದು.

ಡಾಕ್ಟರಿಗೆ ತೋರಿಸಲಿಕ್ಕೂ ಗಂಡ ಹೆಂಡತಿ ಬೆಳ್ತಂಗಡಿಗೆ ಹೋದರು. ಹತ್ತಿರದ ಬಂಟ್ವಾಳದಲ್ಲಿ ತೋರಿಸಿದರೆ ಇವರಿಗಿಂತ ಮೊದಲು ಸುದ್ದಿ ಮನೆ ಸೇರುತ್ತಿತ್ತು. ಬರುವಾಗ ಗುರುವಾಯನಕೆರೆಯಲ್ಲಿ ಬೈಕು ನಿಲ್ಲಿಸಿ, ಅವಳ ತವರಿಗೆಂದು ಹಣ್ಣು ಕೊಳ್ಳುತ್ತ ಶೋಧನ್ ಕೇಳಿದ, "ಅಮ್ಮನಿಗೆ ಹೇಳಿಬಿಡುವುದಾ?"

"ಹೇಳಿದರೆ ನಾಳೆಯಿಂದ ಶೆಡ್ಡಿಗೆ ಒಂದು ಮೊಳೆ ಹೊಡೆಯಲಿಕ್ಕೂ ಬಿಡುವುದಿಲ್ಲ."

"ಮತ್ತೆ ಗೊತ್ತಾದರೆ?"

"ಮಾಡು ಮುಚ್ಚಿದ ಮೇಲೆ ಗೊತ್ತಾಗಲಿ. ನೀವು ಮೇಸ್ತ್ರಿಗೆ ಬೇಗ ಬರಲಿಕ್ಕೆ ಹೇಳಿ."

ಹೇಳಿದರೆ ಬರುವ ಮೇಸ್ತ್ರಿ ಎಲ್ಲಿದ್ದಾನೆ? ಶರೀಫ್ ಒಳ್ಳೆಯ ಕೆಲಸಗಾರನೇ. ಆದರೆ ಮೂಡುಬಿದಿರೆಯಲ್ಲಿ ಒಂದು ದೊಡ್ಡ ಕೆಲಸ ಒಪ್ಪಿಕೊಂಡು, ಇಲ್ಲಿಗೆ 'ನಾಳೆ' ಎನ್ನುತ್ತಿದ್ದ. ನಾಳೆ ಸೋಮವಾರ ಆಯಿತು, ಸೋಮವಾರ ಹೋಗಿ ಮುಂದಿನ ವಾರ ಆಯಿತು, ನಡುವೆ ಅವನ ತಂಗಿಯ ಮನೆಯಲ್ಲಿ ಮದುವೆಯೂ ಬಂತು. ಆಕಾಶ ಮಧ್ಯಾಹ್ನವಾದರೆ ಕಪ್ಪಾಗಿ, ಸಂಜೆ ತಿಳಿಯಾಗುತ್ತಿತ್ತು. ದೀಕ್ಷಿತಾ ಬಟ್ಟೆಯ ಕಟ್ಟುಗಳನ್ನು ಬೆಳಿಗ್ಗೆ ಶೆಡ್ಡಿಗೆ, ಸಂಜೆ ಚಾವಡಿಗೆ ಹೊರುತ್ತ ಹೊರುತ್ತ ಸೋತಳು.

ಅದೇ ದಿನಗಳಲ್ಲಿ ಕಾಂತಿ ಬದಲಾದಳು. ಮೊದಲಿಗೆ ಮೀನು ನಿಂತಿತು.

"ಇವತ್ತೂ ಬಸಳೆಯಾ?" ಎಂದ ಚಿನ್ನಯ್ಯ, ಬಟ್ಟಲು ನೋಡಿ.

"ಮೀನಿಗೆ ಕೈ ಹಾಕುವ ಹಾಗಿಲ್ಲ, ಅಷ್ಟು ರೇಟು."

"ಸೈಕಲ್ಲಿನವ ಬೆಳಿಗ್ಗೆ ಬಂದಿದ್ದನಲ್ಲ. ಬೂತಾಯಿ ಕೇಳುವವರಿಲ್ಲ ಅಂತ ಬೊಬ್ಬೆ ಹೊಡೆಯುತ್ತಿದ್ದ."

"ಬೊಬ್ಬೆ ಹೊಡೆಯುವವನ ಮೀನು ತಾಜಾ ಇರುವುದಿಲ್ಲ. ಉಣ್ಣಿ ಸುಮ್ಮನೆ."

ಮೀನಿಲ್ಲದೆ ಅನ್ನ ಇಳಿಯದ ಮನುಷ್ಯ ಮುಖ ಊದಿಸಿಕೊಂಡು ಉಂಡ. ಆಮೇಲೆ ಕಾಂತಿ ಸೊಸೆಯ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಳ್ಳತೊಡಗಿದಳು, ಅದೂ ಬೈದುಕೊಂಡು. ಬಾವಿಯಿಂದ ನೀರು ಸೇದಿದರೆ, "ಬಿಡು, ನೀನು ಸೇದಿದರೆ ಅರ್ಧ ಕೊಡಪಾನ ಕಟ್ಟೆಯ ಮೇಲೆ." ಕಡೆಯುವ ಕಲ್ಲಿನ ಮುಂದೆ ಕೂತರೆ, "ಏಳು ಅಲ್ಲಿಂದ, ನೀನು ಕಡೆದ ಮಸಾಲೆ ಹಲ್ಲಿಗೆ ಸಿಗುತ್ತದೆ." ಬಟ್ಟೆಯ ಕಟ್ಟು ಎತ್ತಿದರೆ, "ನೆಲಕ್ಕೆ ಎಳೆದು ಕೊಳೆ ಮಾಡಬೇಡ, ಶೋಧನ್ ಬಂದು ಎತ್ತಿಡುತ್ತಾನೆ."

ದೀಕ್ಷಿತಾ ಒಂದು ದಿನ ತಡೆಯಲಾರದೆ ತಿರುಗಿ ನಿಂತಳು. "ನಾನು ಮಾಡಿದ್ದು ಯಾವುದೂ ನಿಮಗೆ ಸರಿ ಬರುವುದಿಲ್ಲ ಅಲ್ಲವಾ ಅತ್ತೆ?"

"ಬರುವುದಿಲ್ಲ," ಎಂದಳು ಕಾಂತಿ, ಕಲ್ಲಿನ ಮೇಲೆ ಕಣ್ಣಿಟ್ಟು.

"ಹಾಗಾದರೆ ನಾನು ಈ ಮನೆಯಲ್ಲಿ ಎಂತಕ್ಕೆ ಇರುವುದು?"

"ಹೊಲಿ. ಅದಾದರೂ ನೆಟ್ಟಗೆ ಹೊಲಿ."

ದೀಕ್ಷಿತಾ ಶೆಡ್ಡಿಗೆ ಹೋಗಿ ಮೆಷಿನಿನ ಮೇಲೆ ತಲೆಯಿಟ್ಟು ಅತ್ತಳು. ಇಂಥ ಬಾಯಿಗೆ ಸುದ್ದಿ ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಅಂದುಕೊಂಡಳು.

ಮೇ ತಿಂಗಳ ನಡುವಿಗೆ ಚಿನ್ನಯ್ಯನ ತಾಳ್ಮೆ ಮುಗಿಯಿತು. ಒಂದು ಭಾನುವಾರ ಹಳೇ ಡಬ್ಬಿಯಲ್ಲಿ ಡಾಂಬರು ಕಾಯಿಸಲು ಮೂರು ಕಲ್ಲು ಹೂಡಿ ಬೆಂಕಿ ಮಾಡಿ, ಏಣಿಯನ್ನು ಶೆಡ್ಡಿಗೆ ಒರಗಿಸಿ ಹತ್ತತೊಡಗಿದ. ಶೋಧನ್ ಓಡಿ ಬಂದು ಏಣಿ ಹಿಡಿದುಕೊಂಡ.

"ಇಳಿಯಿರಿ ಅಪ್ಪ. ಈ ಪ್ರಾಯದಲ್ಲಿ ಮಾಡಿಗೆ ಹತ್ತುತ್ತೀರಾ?"

"ನಿನ್ನ ಮೇಸ್ತ್ರಿ ಬರುವಾಗ ಈ ಶೆಡ್ಡಿನಲ್ಲಿ ದೋಣಿ ಬಿಡಬಹುದು. ಕೈ ಬಿಡು."

ಅಷ್ಟರಲ್ಲಿ ಕಾಂತಿ ಅಡಿಗೆಮನೆಯಿಂದ ಬಂದವಳು ಒಂದು ಚೊಂಬು ನೀರನ್ನು ಒಲೆಗೆ ಸುರಿದಳು. ಬೂದಿ ಎದ್ದು ಚಿನ್ನಯ್ಯ ಕೆಮ್ಮಿದ.

"ಡಾಂಬರು ಸಾಕು. ನೆತ್ತಿ ಪೂರ್ತಿ ಬಿಚ್ಚಿ ಹೊಸ ಸಿಮೆಂಟು ಹಾಕಿ ಕೂರಿಸಬೇಕು. ಅದೂ ಪತ್ತನಾಜೆಯ ಮೊದಲು."

"ಪತ್ತನಾಜೆಗೆ ಹತ್ತು ಹನಿ ಅಂತ ನನಗೂ ಗೊತ್ತುಂಟು," ಎಂದ ಚಿನ್ನಯ್ಯ. ದೈವಗಳ ಕೋಲ, ಕಂಬಳ, ಯಕ್ಷಗಾನದ ಆಟಗಳೆಲ್ಲ ಮುಗಿದು ಮಳೆಗೆ ದಾರಿ ಬಿಡುವ ಮೇ ಕೊನೆಯ ಆ ದಿನ ತುಳುನಾಡಿನಲ್ಲಿ ಯಾರಿಗೆ ತಿಳಿಯದು? "ನಿನಗೆ ಎಂತ ಇಷ್ಟು ಅವಸರ? ನಿನ್ನೆ ಮೊನ್ನೆಯವರೆಗೆ ಶೆಡ್ಡಿನ ಕಡೆ ತಲೆ ಹಾಕದವಳು."

"ಅವಸರ ಉಂಟು. ಶರೀಫನ ನಂಬ್ರ ಒತ್ತಿ ಕೊಡು ಮಗಾ."

ಶೋಧನ್ ಫೋನು ಕೊಟ್ಟ. ಶರೀಫನಿಗೆ ಅಂದು ಬಿದ್ದ ಬೈಗಳ ಬೇಲಿಯಾಚೆಗೂ ಕೇಳಿತು. "ನಿನ್ನ ಮದುವೆಗೆ ಇದೇ ಕೈಯಿಂದ ಪಾಯಸ ಮಾಡಿ ಕಳಿಸಿದ್ದೇನೆ. ಬುಧವಾರ ಬಾರದಿದ್ದರೆ ನಮ್ಮ ಅಂಗಳಕ್ಕೆ ಕಾಲಿಡಬೇಡ," ಎಂದು ಫೋನು ಇಟ್ಟಳು. ಇಟ್ಟವಳೇ ದೈವದ ಕೋಣೆಯ ಕಡೆ ನಡೆದಳು. ದೀಕ್ಷಿತಾ ಅದನ್ನು ಕಂಡಳು, ಸಿಟ್ಟು ತಣಿಸಲಿಕ್ಕೆ ಇರಬೇಕು ಎಂದುಕೊಂಡಳು.

ಬುಧವಾರ ಶರೀಫ್ ಬಂದ. ಹೊತ್ತೇರುವುದರೊಳಗೆ ನೆತ್ತಿಯ ಹಂಚುಗಳೆಲ್ಲ ಕೆಳಗಿಳಿದವು. ಹಳೇ ಸಿಮೆಂಟು ಕೆರೆದು, ಗೆದ್ದಲು ತಿಂದ ಮರದ ರೀಪುಗಳನ್ನು ಬದಲಿಸಿ, ಮಧ್ಯಾಹ್ನಕ್ಕೆ ಹೊಸ ಸಿಮೆಂಟು ಕಲಸಿದ. ಶೋಧನ್ ರಜೆ ಹಾಕಿ ಕೆಳಗಿನಿಂದ ಹಂಚು ಎತ್ತಿಕೊಡುತ್ತಿದ್ದ. ಮಾಡಿನ ನಡುವೆ ಆಕಾಶ ಉದ್ದಕ್ಕೆ ಕಾಣುತ್ತಿತ್ತು, ಆ ಆಕಾಶದಲ್ಲಿ ಪಡುವಣದಿಂದ ಮೋಡ ಏರುತ್ತಿತ್ತು.

ಆಗಲೇ ಪೂವಮ್ಮ ಬಂದಳು, ಸೆರಗಿನಲ್ಲಿ ಹಲಸಿನ ತೊಳೆ ಕಟ್ಟಿಕೊಂಡು. ಚಿನ್ನಯ್ಯನ ಅಕ್ಕ ಅವಳು. ಕುಟುಂಬದಲ್ಲಿ ಮದುವೆಯಿರಲಿ, ಸತ್ತವರ ಬೊಜ್ಜವಿರಲಿ, ಪೂವಮ್ಮನ ಮಾತು ಬಿದ್ದ ಮೇಲೆ ಬೇರೆ ಮಾತಿಲ್ಲ. ಮದುವೆಯಾಗಿ ಬಂದ ಕಾಂತಿಗೆ ಈ ಮನೆಯ ಕಟ್ಟುಕಟ್ಟಳೆ ಕಲಿಸಿದವಳೂ ಅವಳೇ, ಬಸುರಿ ಇದ್ದಾಗ ಮಾಡು ಮುಟ್ಟಬಾರದು ಎಂಬುದೂ ಸೇರಿದ ಹಾಗೆ.

"ಹಣ್ಣು ಭಾರೀ ಸೀ ಉಂಟು, ತಗೋ," ಎಂದು ಪೂವಮ್ಮ ದೀಕ್ಷಿತಾಳ ಮುಂದೆ ಸೆರಗು ಬಿಚ್ಚಿದಳು. ಹಲಸಿನ ಘಾಟು ಮೂಗಿಗೆ ಬಡಿದದ್ದೇ ತಡ, ದೀಕ್ಷಿತಾ ಬಾಯಿಗೆ ಕೈ ಒತ್ತಿಕೊಂಡು ಬಾಳೆಯ ಬುಡಕ್ಕೆ ಓಡಿದಳು. ವಾಂತಿಯ ಸದ್ದು ಅಂಗಳಕ್ಕೆಲ್ಲ ಕೇಳಿತು.

ಪೂವಮ್ಮ ಸೆರಗು ಹಿಡಿದುಕೊಂಡೇ ತಲೆಯೆತ್ತಿ ಮಾಡು ನೋಡಿದಳು, ಬಾಳೆಯ ಕಡೆ ನೋಡಿದಳು, ಕಾಂತಿಯನ್ನು ನೋಡಿದಳು.

"ಇವಳಿಗೆ ವಿಶೇಷ ಉಂಟಾ?"

ಕೆಳಗೆ ಶೋಧನ್ ಕೈಯಲ್ಲಿ ಹಂಚು ಹಿಡಿದು ಹಾಗೇ ನಿಂತ. ಮೇಲೆ ಶರೀಫ್ ಕರಣೆ ನಿಲ್ಲಿಸಿದ. ಇಂಥ ಕಟ್ಟಳೆ ಅವನಿಗೆ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಇದೇ ಕಾರಣಕ್ಕೆ ಅವನ ಕೆಲಸ ಅರ್ಧಕ್ಕೆ ನಿಂತಿತ್ತು. "ಕಾಂತಿಯಕ್ಕ, ನಿಲ್ಲಿಸುವುದಾ?" ಎಂದು ಮೆಲ್ಲಗೆ ಕೇಳಿದ.

ದೀಕ್ಷಿತಾ ಬಾಳೆಯ ದಿಂಡನ್ನು ಹಿಡಿದುಕೊಂಡಳು. ಎಲ್ಲ ಮುಗಿಯಿತು ಅನಿಸಿತು. ಮಾಡು ತೆರೆದೇ ಉಳಿಯುತ್ತದೆ, ಇವತ್ತಿನ ಮಳೆಗೆ ಬಟ್ಟೆ ಹೋಗುತ್ತದೆ, ಇನ್ನು ಒಂಬತ್ತು ತಿಂಗಳು ತುಂಬುವವರೆಗೆ ಅತ್ತೆಯ ಕಣ್ಣು ತನ್ನ ಹೊಟ್ಟೆಯ ಮೇಲಿರುತ್ತದೆ, ಏನಾದರೂ ಆದರೆ ಆ ಮಾತು ಬರುತ್ತದೆ.

"ವಿಶೇಷವೂ ಇಲ್ಲ, ಎಂತದೂ ಇಲ್ಲ," ಎಂದಳು ಕಾಂತಿ. "ನಿನ್ನೆಯ ಬಸಳೆ ಸೇರಲಿಲ್ಲ. ನನಗೂ ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ."

"ನನ್ನ ಮುಖ ನೋಡಿ ಹೇಳು ಕಾಂತೀ. ಮಾಡು ತೆರೆದು ಇಟ್ಟಿದ್ದೀರಿ. ಇದು ಆಟದ ಮಾತಲ್ಲ."

ಇಷ್ಟು ವರ್ಷದಲ್ಲಿ ಕಾಂತಿ ಈ ಅತ್ತಿಗೆಗೆ ಎದುರಾಡಿದ್ದಿಲ್ಲ, ಸುಳ್ಳಾಡಿದ್ದಂತೂ ಇಲ್ಲವೇ ಇಲ್ಲ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರಸಿಕೊಂಡು ಪೂವಮ್ಮನ ಎದುರಿಗೇ ಬಂದು ನಿಂತಳು.

"ನೋಡಿಯೇ ಹೇಳುತ್ತೇನೆ ಅತ್ತಿಗೆ. ಇಲ್ಲ. ಇದ್ದರೆ ನನಗೆ ಹೇಳದೆ ಇರುತ್ತಾಳಾ?" ಮತ್ತೆ ತಲೆಯೆತ್ತಿ, "ಶರೀಫ್, ನಿನ್ನನ್ನು ಕರೆದದ್ದು ಮಾತು ಕೇಳಲಿಕ್ಕಲ್ಲ. ಮೋಡ ನೋಡು. ಹಂಚು ಕವುಚು."

ಮೇಲೆ ಕರಣೆಯ ಸದ್ದು ಮತ್ತೆ ಶುರುವಾಯಿತು. ಪೂವಮ್ಮ ಹಲಸಿನ ತೊಳೆಗಳನ್ನು ಜಗಲಿಯ ಮೇಲಿಟ್ಟು, ಚಹಾಕ್ಕೂ ನಿಲ್ಲದೆ ಹೋದಳು.

ದೀಕ್ಷಿತಾ ಬಾಳೆಯ ಬುಡದಲ್ಲಿ ನಿಂತೇ ಇದ್ದಳು. ನಿಂತ ನಿಲುವಿನಲ್ಲೇ ಬಸಳೆ, ಕೊಡಪಾನ, ಕಡೆಯುವ ಕಲ್ಲು ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು, ಮನೆಯವರು ನೋಡಿಯೂ ಸುಮ್ಮನಿದ್ದರು.

ಸಂಜೆಯೊಳಗೆ ಕೊನೆಯ ಹಂಚು ಕೂತಿತು. ಹಸಿ ಸಿಮೆಂಟಿಗೆ ನೀರು ಬೀಳದ ಹಾಗೆ ಶರೀಫ್ ಮೇಲೆ ತಾರ್ಪಾಲು ಎಳೆದು ಕಟ್ಟಿದ. ಮೋಡ ಏನನ್ನಿಸಿತೋ, ನೇತ್ರಾವತಿಯ ಆಚೆ ದಡಕ್ಕೆ ಸರಿದುಹೋಯಿತು.

ದೀಕ್ಷಿತಾ ಅಡಿಗೆಮನೆಯ ಬಾಗಿಲಿಗೆ ಬಂದಳು. "ಅತ್ತೆ, ಒಂದು ಮಾತು..."

"ಈಗ ಎಂತದೂ ಬೇಡ. ಮಳೆ ಬರಲಿ."

"ಮಾಡು ಮುಚ್ಚಿ ಆಯಿತಲ್ಲ."

"ಸೋರುವುದಿಲ್ಲ ಅಂತ ಗೊತ್ತಾಗದೆ ಮುಚ್ಚಿದ ಹಾಗೆ ಆಗುವುದಿಲ್ಲ. ಸೋರಿದರೆ ಮತ್ತೆ ಬಿಚ್ಚಬೇಕು. ಮಳೆ ಬರಲಿ, ಮತ್ತೆ ಮಾತಾಡುವ."

ಆಮೇಲಿನ ದಿನಗಳು ಆ ಮನೆಯಲ್ಲಿ ಯಾರಿಗೂ ಸುಲಭವಾಗಿರಲಿಲ್ಲ. ಸಿಮೆಂಟು ಗಟ್ಟಿಯಾಯಿತು, ಶೋಧನ್ ತಾರ್ಪಾಲು ಬಿಚ್ಚಿದ. ಆಮೇಲೆ ಮಳೆಯೇ ಇಲ್ಲ. ಬೇಡವೆಂದಾಗ ಬಂದದ್ದು ಬೇಕೆಂದಾಗ ಮುಖ ತೋರಿಸದು. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ನಿಂತು ಉಪ್ಪು, ಹುಳಿ, ತೆಂಗಿನಕಾಯಿಯ ಮಾತು ಮಾತ್ರ ಆಡಿದರು. ಕಾಂತಿ ಬೆಳಿಗ್ಗೆ ಮಿಂದು ದೈವದ ಕೋಣೆಯ ಮುಂದೆ ನಿಲ್ಲುವುದು ದಿನದಿಂದ ದಿನಕ್ಕೆ ಹೆಚ್ಚು ಹೊತ್ತಾಯಿತು. "ಇವಳಿಗೆ ಈ ಪ್ರಾಯದಲ್ಲಿ ಎಂತ ಭಕ್ತಿ ಮಾರಾಯ," ಎಂದು ಚಿನ್ನಯ್ಯ ಮಗನಲ್ಲಿ ಕೇಳಿದ. ಮಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು, ಅಂಗಡಿಗೆ ಹೊತ್ತಾಯಿತೆಂದು ಹೊರಟ.

ಪತ್ತನಾಜೆಯ ದಿನ ಮಧ್ಯಾಹ್ನ ಗಾಳಿ ಎದ್ದಿತು. ಹತ್ತು ಹನಿ ಅಲ್ಲ, ಕೊಡಪಾನ ಕವುಚಿದ ಹಾಗೆ ಸುರಿಯಿತು. ದೀಕ್ಷಿತಾ ಶೆಡ್ಡಿನಲ್ಲಿ ಕೊನೆಯ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಳು. ಕಾಂತಿ ತಲೆಗೆ ಗೋಣಿಯ ಕೊಪ್ಪೆ ಹಾಕಿಕೊಂಡು ಅಂಗಳ ದಾಟಿ ಬಂದು ಒಳಗೆ ನಿಂತಳು. ಇಬ್ಬರೂ ಮೇಲೆ ನೋಡಿದರು. ಕಾಂತಿ ನೆತ್ತಿಯ ಕೆಳಗೆ ಈ ಗೋಡೆಯಿಂದ ಆ ಗೋಡೆಯವರೆಗೆ ಮೆಲ್ಲಗೆ ನಡೆದಳು, ಅಂಗೈ ಮೇಲ್ಮುಖವಾಗಿ ಹಿಡಿದುಕೊಂಡು. ಹಿಂದಕ್ಕೆ ಬರುವಾಗಲೂ ಅಂಗೈ ಒಣಗಿಯೇ ಇತ್ತು.

ಅವಳು ಬಟ್ಟೆಯ ಕಟ್ಟಿನ ಮೇಲೆ ಕುಸಿದು ಕೂತಳು.

"ಈಗ ಹೇಳು."

"ನಿಮಗೆ ಗೊತ್ತುಂಟಲ್ಲ ಅತ್ತೆ."

"ನನಗೆ ಗೊತ್ತಾದದ್ದು ಬೇರೆ. ಬಂಗುಡೆ ಹುರಿದ ದಿನ ನೀನು ಬರೀ ಉಪ್ಪಿನಕಾಯಿಯಲ್ಲಿ ಉಂಡೆಯಲ್ಲ, ಆವತ್ತೇ ಗೊತ್ತಾಗಿದೆ. ನೀನು ಹೇಳಲಿಲ್ಲ."

"ಹೇಳಿದರೆ ನೀವು ಕೆಲಸ ನಿಲ್ಲಿಸುತ್ತಿದ್ದಿರಿ."

"ನಿಲ್ಲಿಸಲೇಬೇಕಿತ್ತು. ನಿಲ್ಲಿಸಿದರೆ ನಿನ್ನ ಕೆಲಸ ಮಳೆಗೆ ಹೋಗುತ್ತಿತ್ತು. ಅದಕ್ಕೇ ನಾನೂ ಕೇಳಲಿಲ್ಲ. ನೀನು ಹೇಳುವವರೆಗೆ ಈ ಮನೆಯಲ್ಲಿ ಬಸುರಿ ಇಲ್ಲ ಅಂತ ನನ್ನ ಲೆಕ್ಕ."

"ಹಾಗೆ ಲೆಕ್ಕ ಹಾಕಿದರೆ ನಡೆಯುತ್ತದಾ? ನೀವು ನಂಬುವವರು."

"ನಡೆಯುವುದಿಲ್ಲ," ಎಂದಳು ಕಾಂತಿ. "ನಾನು ನಂಬುವವಳೇ. ಅದಕ್ಕೆ ದೈವಕ್ಕೆ ತಪ್ಪುಕಾಣಿಕೆ ತೆಗೆದಿಟ್ಟಿದ್ದೇನೆ. 'ಸೊಸೆ ಸಣ್ಣವಳು, ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತುಂಟು. ಗೊತ್ತಿದ್ದೂ ಮಾಡು ಬಿಚ್ಚಿಸಿದವಳು ನಾನು. ಏನಿದ್ದರೂ ನನ್ನ ತಲೆಗೆ ಬರಲಿ' ಅಂತ ದೈವದ ಮುಂದೆ ಹೇಳಿದ್ದೇನೆ. ರಾತ್ರಿ ನಿದ್ದೆ ಇಲ್ಲ ನನಗೆ. ನೀನು ಬಚ್ಚಲಿಗೆ ಹೋದರೂ ಕಿವಿ ಕೊಟ್ಟು ಮಲಗುತ್ತೇನೆ."

ಹೊರಗೆ ಮಳೆ ಇನ್ನೂ ಜೋರಾಯಿತು.

"ಆ ಸಲ ನಾನೊಂದು ಮಾತು ಹೇಳಿದ್ದೆ," ಎಂದಳು ಕಾಂತಿ. "ಬಾಗಿಲಾಚೆಯಿಂದ. ನೀನು ಕೇಳಿದ್ದಿ."

"ಕೇಳಿದ್ದೇನೆ."

"ನಿನಗೆ ಕೇಳಲಿ ಅಂತಲೇ ಹೇಳಿದ್ದು. ಹೊಟ್ಟೆ ಉರಿದು ಹೇಳಿದ್ದು. ಆಮೇಲೆ ನೀನು ನನ್ನ ಹತ್ತಿರ ಕಷ್ಟಸುಖ ಹೇಳುವುದನ್ನೇ ಬಿಟ್ಟೆ. ಈ ಸುದ್ದಿ ಹೇಳಲಿಕ್ಕೂ ಹೆದರಿದೆ. ಈ ಸಲ ಒಳ್ಳೆಯದೇ ಆಗುತ್ತದೆ. ಎಂತಾದರೂ ಆದರೂ ಆ ಮಾತು ನನ್ನ ಬಾಯಿಂದ ಬರುವುದಿಲ್ಲ. ಬರಬಾರದು ಅಂತಲೇ ತಪ್ಪನ್ನು ಮೊದಲೇ ನನ್ನ ಹೆಸರಿಗೆ ಬರೆಸಿಕೊಂಡದ್ದು."

ದೀಕ್ಷಿತಾ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಎದ್ದು ಬಂದಳು. ಅತ್ತೆಯ ಪಕ್ಕ, ಅದೇ ಬಟ್ಟೆಯ ಕಟ್ಟಿನ ಮೇಲೆ ಕೂತಳು.

"ಅತ್ತೆ, ನನಗೆ ವಿಶೇಷ ಉಂಟು. ಮೂರು ತಿಂಗಳು ಕಳೆಯಿತು."

ವಾರಗಟ್ಟಲೆ ಗೊತ್ತಿದ್ದ ಸುದ್ದಿ ಅದು. ಆದರೂ ಕಾಂತಿ ಈಗಷ್ಟೇ ಕೇಳಿದವಳ ಹಾಗೆ ಸೊಸೆಯ ಗಲ್ಲ ಹಿಡಿದು, "ಹೌದಾ ಮಗಾ?" ಎಂದು ಜೋರಾಗಿ ಅತ್ತಳು.